ಸುಣ್ಣದ ಕಲ್ಲು ಎಷ್ಟು ಸುಲಭವಾಗಿ ಪುಡಿಯಾಗುತ್ತದೆ? ಮೈಸೂರಿನ ನಮ್ಮ ಲ್ಯಾಬಿಗೆ ಬನ್ನಿ

ಈ ಗಡಗಡ ಸದ್ದು ಕೇಳಿಸುತ್ತಿದೆ ಅಲ್ವಾ? ಒಂದು ಅಡಿ ಅಗಲ, ಒಂದು ಅಡಿ ಉದ್ದದ ಉಕ್ಕಿನ ಡ್ರಮ್ಮು. ಒಳಗೆ 285 ಉಕ್ಕಿನ ಗುಂಡುಗಳು, ಎಲ್ಲಾ ಸೇರಿ 20 ಕೆಜಿ ತೂಕ. ಡ್ರಮ್ಮು ನಿಮಿಷಕ್ಕೆ 70 ಸುತ್ತು ತಿರುಗುತ್ತದೆ. ಗುಂಡುಗಳ ನಡುವೆ ಸಿಕ್ಕಿಕೊಂಡಿರುವುದು ಸುಣ್ಣದ ಕಲ್ಲು.

ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಲ್ಯಾಬಿದೆ. ಒಂದು ಕಲ್ಲನ್ನು ಪುಡಿ ಮಾಡಲು ಎಷ್ಟು ಕರೆಂಟು ಬೇಕು ಅಂತ ಅಳೆಯುವುದು ಇವತ್ತಿನ ಕೆಲಸ.

ಸುಣ್ಣದ ಕಲ್ಲು ನಮಗೇನೂ ದೂರದ್ದಲ್ಲ. ಹಳೇ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಕಬ್ಬಿನ ಹಾಲನ್ನು ತಿಳಿ ಮಾಡಲು ಸಕ್ಕರೆ ಕಾರ್ಖಾನೆಯಲ್ಲಿ ಬಳಸುವ ಸುಣ್ಣ ಬರುವುದು ಇದರಿಂದಲೇ, ಮಂಡ್ಯದವರಿಗೆ ಇದು ಗೊತ್ತಿರುತ್ತದೆ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಇನ್ನು ಸಿಮೆಂಟು ಅಂದರೆ ಮುಕ್ಕಾಲು ಭಾಗ ಸುಣ್ಣದ ಕಲ್ಲಿನ ಕಥೆಯೇ. ಸಿಮೆಂಟ್ ಕಾರ್ಖಾನೆ ಉರಿಸುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಅರೆಯುವುದಕ್ಕೇ ಹೋಗುತ್ತದೆ. ಅದಕ್ಕೇ ಈ ಪರೀಕ್ಷೆಗೆ ಇಷ್ಟು ಬೆಲೆ.

ಈಗ ಮೇಜಿನ ಮೇಲೆ ನೋಡಿ, ಎರಡು ಸ್ಯಾಂಪಲ್. ಎಡಗಡೆಯದು ಒಂದೇ ಸಮನಾದ ಬೂದು ಬಣ್ಣ. ಬಲಗಡೆಯದರಲ್ಲಿ ಅಲ್ಲಲ್ಲಿ ಹೊಳೆಯುವ ಚುಕ್ಕೆಗಳಿವೆ. ಬ್ಲೇಡಿನಿಂದ ಗೀರುತ್ತೇನೆ. ಬೂದು ಕಲ್ಲಿನ ಮೇಲೆ ಬಿಳಿ ಗೆರೆ ಬಿತ್ತು. ಹೊಳೆಯುವ ಚುಕ್ಕೆಯ ಮೇಲೆ ಬ್ಲೇಡು ಜಾರಿತು, ಕಲ್ಲಿಗೆ ಏನೂ ಆಗಲಿಲ್ಲ. ಅದು ಬೆಣಚುಕಲ್ಲು. ಮೋಸ್ ಗಡಸುತನದ ಪಟ್ಟಿಯಲ್ಲಿ ಸುಣ್ಣದ ಕಲ್ಲಿನ ಕ್ಯಾಲ್ಸೈಟ್ 3, ಬೆಣಚುಕಲ್ಲು 7. ಈ ಚುಕ್ಕೆಗಳ ಮೇಲೆ ಒಂದು ಕಣ್ಣಿಟ್ಟಿರಿ.

ಕಲ್ಲನ್ನು ಮೊದಲು 3.35 ಮಿಲಿಮೀಟರ್‌ಗಿಂತ ಚಿಕ್ಕದಾಗಿ ಒಡೆದುಕೊಳ್ಳುತ್ತೇವೆ. ಚೆನ್ನಾಗಿ ಒಣಗಿರಬೇಕು. ಅಳತೆಯ ಜಾಡಿಗೆ ಹಾಕಿ, ತಟ್ಟಿ ತಟ್ಟಿ ಕೂರಿಸಿ, 700 ಮಿಲಿ ತುಂಬಿಸಿ ತೂಕ ಮಾಡುತ್ತೇವೆ. ಅದು ಮಿಲ್ಲಿಗೆ, ಅಂದರೆ ಆ ಡ್ರಮ್ಮಿಗೆ, ಹೋಗುತ್ತದೆ. 100 ಸುತ್ತು ತಿರುಗಿಸಿ, ಹೊರಗೆ ತೆಗೆದು, 150 ಮೈಕ್ರಾನ್ ಜರಡಿ ಹಿಡಿಯುತ್ತೇವೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಕೆಳಗೆ ಬಿದ್ದ ಪುಡಿಯನ್ನು ತೂಗಿ ಎತ್ತಿಡುತ್ತೇವೆ. ಮೇಲೆ ನಿಂತಿದ್ದು ವಾಪಸ್ ಮಿಲ್ಲಿಗೆ. ಎಷ್ಟು ಪುಡಿ ಹೊರಗೆ ಹೋಯಿತೋ ಅಷ್ಟೇ ತೂಕದ ಹೊಸ ಕಲ್ಲನ್ನು ಅದರ ಜೊತೆ ಸೇರಿಸುತ್ತೇವೆ. ಹಿಂದೆ ಬೀಸುವ ಕಲ್ಲಿನಲ್ಲಿ ರಾಗಿ ಬೀಸಿ, ಜರಡಿಯ ಮೇಲೆ ನಿಂತ ತರಿಯನ್ನು ಮತ್ತೆ ಕಲ್ಲಿನ ಬಾಯಿಗೆ ಹಾಕುತ್ತಿದ್ದರಲ್ಲ, ಅದೇ ಕೆಲಸ.

ಲೆಕ್ಕ ಇಷ್ಟೇ: ಡ್ರಮ್ಮು ಒಂದು ಸುತ್ತು ತಿರುಗಿದರೆ ಹೊಸದಾಗಿ ಎಷ್ಟು ಗ್ರಾಂ ಪುಡಿ ಸಿಕ್ಕಿತು? ಕಲ್ಲಿನಲ್ಲಿ ಮೊದಲೇ ಇದ್ದ ಪುಡಿಯನ್ನು ಕಳೆಯುವುದನ್ನು ಮರೆಯುವ ಹಾಗಿಲ್ಲ. ಒಂದು ಸಲ ಅರೆದು ಜರಡಿ ಹಿಡಿದರೆ ಒಂದು ರೌಂಡು. ಪ್ರತಿ ರೌಂಡಿನಲ್ಲೂ ಮಿಲ್ಲಿನಲ್ಲಿರುವುದರ ಮೂರೂವರೆಯಲ್ಲಿ ಒಂದು ಪಾಲು ಪುಡಿಯಾಗಿ ಹೊರಬರಬೇಕು. ಅದಕ್ಕೆ ತಕ್ಕಂತೆ ಮುಂದಿನ ರೌಂಡಿಗೆ ಎಷ್ಟು ಸುತ್ತು ಅಂತ ನಿರ್ಧರಿಸುತ್ತೇವೆ.

ಮೊದಲ ರೌಂಡಿನಲ್ಲಿ ಎರಡೂ ಕಲ್ಲು ಹೆಚ್ಚುಕಮ್ಮಿ ಒಂದೇ ಲೆಕ್ಕ ಕೊಟ್ಟವು, ಡ್ರಮ್ಮಿನ ಒಂದು ಸುತ್ತಿಗೆ ಎರಡು ಗ್ರಾಂ ಆಸುಪಾಸು. ಇಲ್ಲಿಗೇ ನಿಲ್ಲಿಸಿದ್ದರೆ ಎರಡೂ ಒಂದೇ ಅಂತ ರಿಪೋರ್ಟು ಬರೆಯಬಹುದಿತ್ತು. ಆದರೆ ಮೆತ್ತಗಿರುವ ಕಲ್ಲು ಮೊದಲು ಪುಡಿಯಾಗಿ ಹೊರಗೆ ಹೋಗುತ್ತದೆ. ಗಟ್ಟಿಯಾದದ್ದು ಜರಡಿಯ ಮೇಲೆ ನಿಂತು ವಾಪಸ್ ಬರುತ್ತದೆ. ಪ್ರತಿ ರೌಂಡಿಗೂ ಮಿಲ್ಲಿನೊಳಗೆ ಗಟ್ಟಿ ಕಣಗಳು ಜಾಸ್ತಿಯಾಗುತ್ತಾ ಹೋಗುತ್ತವೆ. ಬಲಗಡೆಯ ಕಲ್ಲಿನ ಗ್ರಾಂ ಇಳಿಯುತ್ತಲೇ ಹೋಯಿತು. ಜರಡಿಯ ಮೇಲೆ ಉಳಿದದ್ದನ್ನು ಬೆಳಕಿಗೆ ಹಿಡಿದರೆ ಬರೀ ಮಿನುಗು. ಆ ಚುಕ್ಕೆಗಳೇ!

"ಮೇಡಂ, ಇನ್ನೊಂದು ರೌಂಡ್ ಹಾಕೋಣ್ವಾ?" ಅಂತ ಮಿಲ್ ನೋಡಿಕೊಳ್ಳುವ ಅಣ್ಣ ಕೇಳಿದರು. "ಹಾಕಿ ಅಣ್ಣ, ಇನ್ನೂ ನಿಂತಿಲ್ಲ" ಅಂದೆ. ಕಾರ್ಖಾನೆಯ ದೊಡ್ಡ ಮಿಲ್ಲಿನಲ್ಲೂ ಗಟ್ಟಿ ಕಲ್ಲು ಹೀಗೆಯೇ ಸುತ್ತಿ ಸುತ್ತಿ ಬರುತ್ತದೆ. ಹಾಗಾಗಿ ಗ್ರಾಂ ಲೆಕ್ಕ ಒಂದು ಕಡೆ ನಿಲ್ಲುವವರೆಗೂ ಬಿಡಬಾರದು. ಕೊನೆಯ ಮೂರು ರೌಂಡಿನ ಸರಾಸರಿಗೆ ಮಾತ್ರ ಬೆಲೆ. ಮೊದಲ ರೌಂಡಿನ ಅಂಕಿ ನೋಡಿ ಮೋಟಾರು ಕೊಂಡರೆ, ಆ ಮೋಟಾರು ಬದುಕಿಡೀ ಒದ್ದಾಡುತ್ತದೆ.

ಈ ಪರೀಕ್ಷೆಗೆ ಎಂಜಿನಿಯರ್ ಫ್ರೆಡ್ ಬಾಂಡ್ ಅವರ ಹೆಸರಿದೆ. ಕಲ್ಲು ಅರೆಯಲು ಎಷ್ಟು ಶಕ್ತಿ ಬೇಕು ಅಂತ ಅವರಿಗಿಂತ ಮೊದಲೂ ಲೆಕ್ಕ ಹಾಕಿದವರಿದ್ದರು. 1867ರಲ್ಲಿ ರಿಟ್ಟಿಂಗರ್, ಎಷ್ಟು ಹೊಸ ಮೇಲ್ಮೈ ಹುಟ್ಟುತ್ತದೋ ಅಷ್ಟು ಶಕ್ತಿ ಬೇಕು ಅಂದಿದ್ದರು. 1885ರಲ್ಲಿ ಕಿಕ್, ಕಲ್ಲಿನ ಘನಗಾತ್ರದ ಲೆಕ್ಕ ಹಿಡಿದರು. ಬಾಂಡ್ 1952ರಲ್ಲಿ ನಡುವಿನ ದಾರಿ ತೋರಿಸಿದರು. ಕಣದ ಅಳತೆಯ ವರ್ಗಮೂಲ ತೆಗೆದುಕೊಳ್ಳಿ ಅಂದರು.

ಒಂದು ಉದಾಹರಣೆ. ನಮ್ಮ ಗ್ರಾಂ ಲೆಕ್ಕದಿಂದ ಕೊನೆಗೆ ಸಿಗುವ ಅಂಕಿಗೆ ವರ್ಕ್ ಇಂಡೆಕ್ಸ್ ಅನ್ನುತ್ತಾರೆ, ಅದು ಹೆಚ್ಚಿದ್ದಷ್ಟೂ ಕಲ್ಲು ಪುಡಿ ಮಾಡಲು ಹೆಚ್ಚು ಕರೆಂಟು ಬೇಕು. ಅದು 12 ಅಂದುಕೊಳ್ಳಿ, ಸುಣ್ಣದ ಕಲ್ಲು ಸಾಮಾನ್ಯವಾಗಿ ಅದರ ಹತ್ತಿರ ಇರುತ್ತದೆ. 2500 ಮೈಕ್ರಾನ್ ಕಲ್ಲನ್ನು 400 ಮೈಕ್ರಾನ್‌ಗೆ ಇಳಿಸಲು ಟನ್ನಿಗೆ 3.6 ಯೂನಿಟ್ ಸಾಕು. ಅದನ್ನೇ 100 ಮೈಕ್ರಾನ್‌ಗೆ ಇಳಿಸಬೇಕಾದರೆ 9.6 ಯೂನಿಟ್. ನುಣುಪು ಜಾಸ್ತಿಯಾದ ಹಾಗೆ ಬಿಲ್ಲು ಹೇಗೆ ಏರುತ್ತದೆ ನೋಡಿ. ಬೇಕಾದ್ದಕ್ಕಿಂತ ನುಣ್ಣಗೆ ಅರೆಯುವುದು ಸುಮ್ನೆ ಕರೆಂಟು ಸುಟ್ಟ ಹಾಗೆ, ಇದನ್ನು ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಸ್ಯಾಂಪಲ್ ಕಳಿಸುವವರು ದಯವಿಟ್ಟು ಗಮನಿಸಿ. ಚೆಂದ ಕಂಡ ನಾಲ್ಕು ತುಂಡು ಆರಿಸಿ ಕೊಡಬೇಡಿ. ಕ್ವಾರಿಯ ಬೇರೆ ಬೇರೆ ಕಡೆಯಿಂದ, ಬೆಣಚು ಇರುವ ಕಡೆಯಿಂದಲೂ, ಒಟ್ಟು 10 ಕೆಜಿಗೆ ಕಡಿಮೆ ಇಲ್ಲದಂತೆ ತನ್ನಿ. ಯಾವ ಚೀಲ ಎಲ್ಲಿಯದು ಅಂತ ಮೇಲೆ ಬರೆದಿರಿ.