ನಾಯಕರು ರಜೆಯಲ್ಲಿದ್ದಾರೆ, ಯುದ್ಧ ನಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ.

1956ರ ನವೆಂಬರ್ 23ರಂದು ಬ್ರಿಟನ್ನಿನ ಪ್ರಧಾನಿ ಆಂಥೊನಿ ಈಡನ್ ಹೆಂಡತಿಯ ಜೊತೆ ವಿಮಾನ ಹತ್ತಿ ಜಮೈಕಾಗೆ ಹೊರಟರು. ಅಲ್ಲಿ ಸಮುದ್ರದ ದಂಡೆಯಲ್ಲಿ ಗೋಲ್ಡನ್‌ಐ ಅಂತ ಒಂದು ಮನೆ. ಜೇಮ್ಸ್ ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಅವರ ಮನೆ ಅದು. ಹೆಚ್ಚೂಕಡಿಮೆ ಮೂರು ವಾರ ಅಲ್ಲಿದ್ದರು. ಆ ಮೂರೂ ವಾರ, ಅವರೇ ಕಳಿಸಿದ್ದ ಸೈನಿಕರು ಈಜಿಪ್ಟಿನಲ್ಲಿದ್ದರು. ಸುಯೆಜ್ ಕಾಲುವೆಯನ್ನು ಮತ್ತೆ ಕೈವಶ ಮಾಡಿಕೊಳ್ಳಲು ಹೋದವರು, ಅಮೆರಿಕ ಕಣ್ಣು ಕೆಂಪು ಮಾಡಿದ ಮೇಲೆ ಅರ್ಧ ದಾರಿಯಲ್ಲೇ ನಿಂತಿದ್ದರು. ಇತ್ತ ಬ್ರಿಟನ್ನಿನಲ್ಲಿ ಪೆಟ್ರೋಲ್‌ಗೆ ಪಡಿತರ ಬರುವುದರಲ್ಲಿತ್ತು.

ಚರ್ಚಿಲ್ ಅವರ ಮಗ ರಾಂಡಾಲ್ಫ್ ಆಗ ಚೆನ್ನಾಗಿಯೇ ಚುಚ್ಚಿದರು. ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ತನ್ನ ಸೈನ್ಯ ಸಿಕ್ಕಿಬಿದ್ದಾಗ ಹಿಟ್ಲರ್ ಕೂಡ ಚಳಿಗಾಲ ಕಳೆಯಲು ಜಮೈಕಾಗೆ ಹೋಗಲಿಲ್ಲ ಎಂಬರ್ಥದ ಮಾತು ಅದು. ಈಡನ್ ಡಿಸೆಂಬರ್ 14ಕ್ಕೆ ವಾಪಸ್ ಬಂದರು. 1957ರ ಜನವರಿ 9ಕ್ಕೆ ರಾಜೀನಾಮೆ ಕೊಟ್ಟರು.

ಈಡನ್ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಸುಮ್ನೆ ಮಜಾ ಮಾಡಲು ಹೋದವರಲ್ಲ. 1953ರಲ್ಲಿ ಪಿತ್ತಕೋಶದ ಆಪರೇಷನ್ ಮಾಡುವಾಗ ಅವರ ಪಿತ್ತನಾಳಕ್ಕೆ ಪೆಟ್ಟಾಗಿತ್ತು. ಆಮೇಲೆ ಆ ದೇಹ ಸರಿಹೋಗಲೇ ಇಲ್ಲ. ಮತ್ತೆ ಮತ್ತೆ ಜ್ವರ ಬರುತ್ತಿತ್ತು. ಅಂಥ ದೇಹ ಹೊತ್ತುಕೊಂಡೇ ಅವರು ಯುದ್ಧಕ್ಕೆ ಇಳಿದಿದ್ದರು. ವೈದ್ಯರು ವಿಶ್ರಾಂತಿ ಬೇಕೇ ಬೇಕು ಅಂದರು. ಹಾಗಾದರೆ ಅವರು ಮಾಡಿದ್ದು ತಪ್ಪೇ?

ಈ ಉಪನ್ಯಾಸಕ್ಕೆ ತಯಾರಿ ಶುರು ಮಾಡಿದಾಗ ನನ್ನ ಉತ್ತರ ಸಿದ್ಧವಾಗಿತ್ತು. ಸೈನಿಕರು ಸಾಯುತ್ತಿರುವಾಗ ನಾಯಕ ರಜೆ ಹಾಕುವುದು ನಾಚಿಕೆಗೇಡು, ಮುಗೀತು ಕಥೆ. ಓದುತ್ತಾ ಹೋದ ಹಾಗೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುತ್ತಿಲ್ಲ.

ಮೊದಲು 1914ರ ಜುಲೈ ತಿಂಗಳನ್ನು ನೋಡೋಣ. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ ಒಂದು ವಾರ ಕಳೆದಿತ್ತು. ಜುಲೈ 5ರಂದು ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಆಸ್ಟ್ರಿಯಾಕ್ಕೆ ಭರವಸೆ ಕೊಟ್ಟರು: ನೀವು ಏನೇ ಮಾಡಿ, ನಿಮ್ಮ ಹಿಂದೆ ನಾವಿದ್ದೇವೆ. ಮಾರನೇ ದಿನವೇ ಹಡಗು ಹತ್ತಿ ನಾರ್ವೆ ಕಡೆಗೆ ಹೊರಟರು. ಪ್ರತಿ ಬೇಸಿಗೆಯ ಪ್ರವಾಸ ಅದು. ಅವರ ಸೇನೆಯ ಮುಖ್ಯಸ್ಥ ಮೋಲ್ಟ್‌ಕೆ ಕಾರ್ಲ್ಸ್‌ಬಾಡ್‌ನಲ್ಲಿ ಆರೋಗ್ಯಕ್ಕಾಗಿ ಬಿಸಿನೀರಿನ ಬುಗ್ಗೆಗಳ ಹತ್ತಿರ ಇದ್ದರು. ಆಸ್ಟ್ರಿಯಾದಲ್ಲಂತೂ ಸೇನಾ ಮುಖ್ಯಸ್ಥರನ್ನೂ ಯುದ್ಧ ಮಂತ್ರಿಯನ್ನೂ ಬೇಕಂತಲೇ ರಜೆಗೆ ಕಳಿಸಿದರು. ಇಷ್ಟು ದೊಡ್ಡವರೆಲ್ಲ ರಜೆಯಲ್ಲಿದ್ದಾರೆ ಅಂದರೆ ಏನೂ ನಡೆಯುವುದಿಲ್ಲ ಅಂತ ಯುರೋಪಿನ ಜನ ನಂಬಲಿ ಎಂಬ ಲೆಕ್ಕಾಚಾರ. ರಜೆಯೂ ಒಂದು ಆಯುಧ!

ವಿಲ್ಹೆಲ್ಮ್ ಬರ್ಲಿನ್ ಕಡೆಗೆ ವಾಪಸಾಗಿದ್ದು ಜುಲೈ 27ಕ್ಕೆ. ಕೊಲೆಯ ಹೊಣೆ ಹೊರಿಸಿ ಆಸ್ಟ್ರಿಯಾ ಕಳಿಸಿದ್ದ ಬೆದರಿಕೆ ಪತ್ರಕ್ಕೆ ಸೆರ್ಬಿಯಾ 25ಕ್ಕೇ ಉತ್ತರ ಕೊಟ್ಟಿತ್ತು. ಅದನ್ನು ಇವರು ಓದಿದ್ದು 28ರ ಬೆಳಿಗ್ಗೆ. ಓದಿದವರು, ಇಷ್ಟು ಒಪ್ಪಿಕೊಂಡ ಮೇಲೆ ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲವಲ್ಲ ಅಂತ ಬರೆದರು. ಅದೇ ದಿನ ಆಸ್ಟ್ರಿಯಾದ ಮುದಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಯುದ್ಧ ಘೋಷಣೆಗೆ ಸಹಿ ಹಾಕಿದರು. ಎಲ್ಲಿ ಕೂತು ಗೊತ್ತಾ? ಬಾಡ್ ಇಶ್ಲ್‌ನಲ್ಲಿ, ತಮ್ಮ ಬೇಸಿಗೆ ರಜೆಯ ಬಂಗಲೆಯಲ್ಲಿ. ವಿಲ್ಹೆಲ್ಮ್ ಊರಲ್ಲೇ ಇದ್ದಿದ್ದರೆ ಮಹಾಯುದ್ಧ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅವರ ಮನಸ್ಸು ಗಳಿಗೆಗೊಂದು ತರ. ಆದರೆ ಆ ಮೂರು ದಿನ ವ್ಯರ್ಥವಾಗಿ ಹೋಯಿತು ಅನ್ನುವುದು ನಿಜ.

ಇಲ್ಲಿ ಒಂದು ಉಪಕಥೆ. ಸೆರ್ಬಿಯಾದ ಸೇನಾಪತಿ ಪುಟ್ನಿಕ್ ಕೂಡ ಆಗ ಆರೋಗ್ಯ ಸುಧಾರಿಸಿಕೊಳ್ಳಲು ಹೋಗಿದ್ದರು. ಹೋಗಿದ್ದು ಆಸ್ಟ್ರಿಯಾಕ್ಕೇ, ಅಂದರೆ ಶತ್ರುವಿನ ಮನೆಗೇ! ವಾಪಸ್ ಬರುವಾಗ ಬುಡಾಪೆಸ್ಟ್‌ನಲ್ಲಿ ಹಿಡಿದುಬಿಟ್ಟರು. ಫ್ರಾಂಜ್ ಜೋಸೆಫ್ ಹಳೇ ಕಾಲದ ಮರ್ಯಾದಸ್ಥ, ಬಿಟ್ಟು ಕಳಿಸಿ ಅಂದರು. ಅದೇ ಪುಟ್ನಿಕ್ ಆ ವರ್ಷ ಮುಗಿಯುವುದರೊಳಗೆ ಆಸ್ಟ್ರಿಯಾದ ಸೈನ್ಯವನ್ನು ಸೆರ್ಬಿಯಾದಿಂದ ಹೊರಗಟ್ಟಿದರು.

ಈಗ ನನ್ನ ಮನಸ್ಸು ಬದಲಾಯಿಸಿದ ಎರಡು ಘಟನೆಗಳಿಗೆ ಬರುತ್ತೇನೆ. ಎರಡೂ 1944ರವು.

ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಹೃದಯದ ಕಾಯಿಲೆ ಇರುವುದು ಗೊತ್ತಾಯಿತು. ರಕ್ತದೊತ್ತಡ ವಿಪರೀತ. ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದಲ್ಲಿದ್ದ ಗೆಳೆಯ ಬರ್ನಾರ್ಡ್ ಬರೂಕ್ ಅವರ ಎಸ್ಟೇಟಿಗೆ ಹೋದರು. ಎರಡು ವಾರ ಅಂದುಕೊಂಡು ಹೋದವರು ನಾಲ್ಕು ವಾರ ಉಳಿದರು. ಮೀನು ಹಿಡಿದರು, ತುಂಬಾ ಹೊತ್ತು ನಿದ್ದೆ ಮಾಡಿದರು. ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲಿನ ದಾಳಿಗೆ ಆಗ ಎರಡು ತಿಂಗಳೂ ಉಳಿದಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸಮುದ್ರದಿಂದ ದಡಕ್ಕೆ ನುಗ್ಗಿದ ಅತಿ ದೊಡ್ಡ ದಾಳಿ ಅದು. ಅಧ್ಯಕ್ಷರು ಮೀನಿಗೆ ಗಾಳ ಹಾಕಿ ಕೂತಿದ್ದರಿಂದ ಅದಕ್ಕೇನಾಯಿತು? ಏನೂ ಆಗಲಿಲ್ಲ. ಲಂಡನ್ನಿನಲ್ಲಿ ಆ ದಾಳಿಯ ಸೇನಾಪತಿ ಐಸೆನ್‌ಹೋವರ್ ಇದ್ದರು. ಯಾವ ದಿನ ಹೊರಡಬೇಕು, ಹವಾಮಾನ ಕೆಟ್ಟರೆ ಏನು ಮಾಡಬೇಕು ಅನ್ನುವುದೆಲ್ಲ ಅವರ ಕೈಯಲ್ಲಿತ್ತು.

ಈಗ ಆಚೆ ದಡ. ಜೂನ್ 6ರ ಬೆಳಿಗ್ಗೆ ಹಿಟ್ಲರ್ ಬವೇರಿಯಾದ ಬೆಟ್ಟದ ಮೇಲಿನ ತನ್ನ ಮನೆ ಬೆರ್ಗ್‌ಹೋಫ್‌ನಲ್ಲಿದ್ದ. ಮಲಗಿದ್ದೇ ಬೆಳಗಿನ ಜಾವ. ನಾರ್ಮಂಡಿಯಲ್ಲಿ ಶತ್ರು ಇಳಿಯುತ್ತಿದ್ದಾನೆ ಅಂತ ಸುದ್ದಿ ಬಂದಾಗ ಗೊರಕೆ ಹೊಡೆಯುತ್ತಿದ್ದ. ಕುಂಭಕರ್ಣನನ್ನು ಎಬ್ಬಿಸಲು ರಾವಣನ ಕಡೆಯವರು ನಗಾರಿ ಬಾರಿಸಿದರು, ಆನೆ ನಡೆಸಿದರು ಅಂತ ಕೇಳಿದ್ದೇವೆ. ಇಲ್ಲಿ ಬಾಗಿಲು ತಟ್ಟುವವರೂ ಇರಲಿಲ್ಲ. ಹತ್ತಿರದಲ್ಲೇ ಇದ್ದ ಟ್ಯಾಂಕ್ ಪಡೆಗಳನ್ನು ಮುಂದಕ್ಕೆ ಕಳಿಸಲು ಅವನ ಅಪ್ಪಣೆಯೇ ಬೇಕಿತ್ತು. ಅಪ್ಪಣೆ ಸಿಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆ ಕರಾವಳಿ ಕಾಯಬೇಕಿದ್ದ ರೊಮೆಲ್ ಕೂಡ ಅಲ್ಲಿರಲಿಲ್ಲ. ಹವಾಮಾನ ಕೆಟ್ಟಿದೆ, ಯಾರು ಬರುತ್ತಾರೆ ಅಂದುಕೊಂಡು ಹೆಂಡತಿಯ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿದ್ದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರು ನಾಲ್ಕು ವಾರ ರಜೆ ತೆಗೆದುಕೊಂಡರು, ಏನೂ ಕೆಡಲಿಲ್ಲ. ಇನ್ನೊಬ್ಬ ಒಂದು ಬೆಳಿಗ್ಗೆ ನಿದ್ದೆ ಮಾಡಿದ, ಇಡೀ ದಿನ ಹಾಳಾಯಿತು. ಅಂದಮೇಲೆ ಎಷ್ಟು ದಿನದ ರಜೆ ಅನ್ನುವುದಷ್ಟೇ ಲೆಕ್ಕಕ್ಕೆ ಬರುವುದಿಲ್ಲ. ಹೋಗುವವರು ಬೀಗದ ಕೈ ಯಾರಿಗೆ ಕೊಟ್ಟು ಹೋದರು? ನಾನು ಮೊದಲು ಕೇಳುವುದು ಅದನ್ನೇ. ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದರೆ, ಪಕ್ಕದ ಕೋಣೆಯಲ್ಲಿ ಮಲಗಿದ್ದರೂ ಅಪಾಯವೇ.

ಚರ್ಚಿಲ್ ಬಗ್ಗೆ ನಿಮಗೆ ಗೊತ್ತಿರಬಹುದು. ಯುದ್ಧದ ಮಧ್ಯೆಯೂ ಮಧ್ಯಾಹ್ನದ ನಿದ್ದೆ ಬಿಡುತ್ತಿರಲಿಲ್ಲ. 1943ರ ಜನವರಿಯಲ್ಲಿ ಕಾಸಾಬ್ಲಾಂಕಾ ಸಭೆ ಮುಗಿಸಿ ಮರಾಕೆಶ್‌ನಲ್ಲಿ ಉಳಿದು, ಅಲ್ಲಿನ ಕುತೂಬಿಯಾ ಮಸೀದಿಯ ಗೋಪುರದ ಚಿತ್ರ ಬರೆದರು. ಇಡೀ ಯುದ್ಧಕಾಲದಲ್ಲಿ ಅವರು ಬರೆದ ಒಂದೇ ಚಿತ್ರ. ಅದನ್ನು ರೂಸ್‌ವೆಲ್ಟ್ ಅವರಿಗೆ ಕೊಟ್ಟರು. ವರ್ಷದ ಕೊನೆಗೆ ನ್ಯುಮೋನಿಯಾ ಆಗಿ ಮತ್ತೆ ಮರಾಕೆಶ್‌ನಲ್ಲೇ ಸುಧಾರಿಸಿಕೊಂಡರು. ಲಂಡನ್ನಿನಲ್ಲಿ ಉಪಪ್ರಧಾನಿ ಆಟ್ಲಿ ಸಂಪುಟ ಸಭೆ ನಡೆಸುತ್ತಿದ್ದರು. ಚರ್ಚಿಲ್ ಮಾತ್ರ ಹಾಸಿಗೆಯಿಂದಲೇ ಇಟಲಿಯ ಆಂಜಿಯೊ ದಾಳಿಗೆ ಎಲ್ಲರನ್ನೂ ಹುರಿದುಂಬಿಸಿದರು. ಆ ಪಡೆ 1944ರ ಜನವರಿ 22ಕ್ಕೆ ದಡಕ್ಕೆ ಇಳಿದು, ಮೇ ತಿಂಗಳವರೆಗೆ ಅಲ್ಲೇ ಸಿಕ್ಕಿಕೊಂಡಿತು. ಆ ಸಲ ಪೂರ್ತಿ ವಿಶ್ರಾಂತಿ ತೆಗೆದುಕೊಂಡಿದ್ದರೇ ಚೆನ್ನಾಗಿತ್ತೇನೋ!

ಸರಿ, ಬೀಗದ ಕೈ ಕೊಟ್ಟು ಹೋದರೆ ಸಾಕೇ? ಅಷ್ಟೇ ಆಗಿದ್ದರೆ ನನ್ನ ಮಾತು ಇಲ್ಲಿಗೇ ಮುಗಿಯುತ್ತಿತ್ತು.

2005ರ ಆಗಸ್ಟ್. ಇರಾಕ್‌ನಲ್ಲಿ ಯುದ್ಧ ನಡೆಯುತ್ತಿದೆ. ಅಧ್ಯಕ್ಷ ಜಾರ್ಜ್ ಬುಷ್ ಟೆಕ್ಸಾಸ್‌ನ ಕ್ರಾಫರ್ಡ್‌ನಲ್ಲಿದ್ದ ತಮ್ಮ ರ‍್ಯಾಂಚ್‌ಗೆ ಸುಮಾರು ಐದು ವಾರಕ್ಕೆಂದು ಹೋದರು. ಅಲ್ಲಿ ಫೋನ್ ಇತ್ತು, ವಿಡಿಯೊ ಸಂಪರ್ಕ ಇತ್ತು, ಗುಪ್ತಚರ ವರದಿ ದಿನಾ ಬರುತ್ತಿತ್ತು. ರಜೆಯಲ್ಲೂ ಕೆಲಸ ಮಾಡುತ್ತಿದ್ದೇವೆ ಅಂತ ಅವರ ಕಡೆಯವರು ಹೇಳಿದರು, ಅದು ಸುಳ್ಳೇನಲ್ಲ. ಆದರೆ ರ‍್ಯಾಂಚಿನ ಹೊರಗೆ, ರಸ್ತೆ ಬದಿಯಲ್ಲಿ ಸಿಂಡಿ ಶೀಹನ್ ಎಂಬ ತಾಯಿ ಡೇರೆ ಹಾಕಿ ಕೂತರು. ಅವರ ಮಗ ಹಿಂದಿನ ವರ್ಷ ಬಾಗ್ದಾದ್‌ನಲ್ಲಿ ಸತ್ತಿದ್ದ. ನನ್ನ ಮಗ ಯಾವ ಕಾರಣಕ್ಕೆ ಸತ್ತ, ಅಧ್ಯಕ್ಷರು ಬಂದು ಹೇಳಲಿ ಅನ್ನುವುದು ಅವರ ಬೇಡಿಕೆ. ಅವರ ರಾಜಕೀಯ ನಿಮಗೆ ಒಪ್ಪಿಗೆಯಾಗದೇ ಇರಬಹುದು. ಆದರೆ ಯಾವ ವಿಡಿಯೊ ಸಂಪರ್ಕವೂ ಆ ಪ್ರಶ್ನೆಗೆ ಉತ್ತರ ಕೊಡಲಾರದು, ಅಲ್ವಾ?

ಆಗ ಇರಾಕ್‌ಗೆ ಹನ್ನೆರಡು ತಿಂಗಳಿಗೆ ಹೋದ ಅಮೆರಿಕದ ಸೈನಿಕನಿಗೆ ಮಧ್ಯೆ ಸಿಗುತ್ತಿದ್ದ ರಜೆ ಹದಿನೈದು ದಿನ. ಹದಿನೈದು ದಿನಕ್ಕೂ ಐದು ವಾರಕ್ಕೂ ಇರುವ ದೂರವನ್ನು ಆ ಸೈನಿಕನ ಮನೆಯವರು ಬೆರಳಲ್ಲೇ ಎಣಿಸುತ್ತಾರೆ. ನಾಯಕನ ಕೆಲಸ ಬೇರೆ, ಸೈನಿಕನ ಕೆಲಸ ಬೇರೆ ಅಂತ ವಾದ ಮಾಡಬಹುದು. ನನಗೆ ಅದು ಅಷ್ಟು ರುಚಿಸುವುದಿಲ್ಲ. ಕಳಿಸಿದವನು ಹೋದವನಿಗಿಂತ ಜಾಸ್ತಿ ರಜೆ ತೆಗೆದುಕೊಳ್ಳಬಾರದು. ನನ್ನ ಅಳತೆಗೋಲು ಇಷ್ಟು ಸಣ್ಣದು.

ಇದರಲ್ಲಿ ತಮಾಷೆಯೂ ಇದೆ. 2007ರಲ್ಲಿ ಇರಾಕ್‌ನ ಸಂಸತ್ತು ಇಡೀ ಆಗಸ್ಟ್ ತಿಂಗಳು ರಜೆ ಘೋಷಿಸಿತು. ನಮ್ಮ ಹುಡುಗರು ಅಲ್ಲಿ ಸಾಯುತ್ತಿದ್ದರೆ ನೀವು ರಜೆ ಹಾಕುತ್ತೀರಾ ಅಂತ ವಾಷಿಂಗ್ಟನ್ನಿನಲ್ಲಿ ಸಿಟ್ಟೋ ಸಿಟ್ಟು. ಆ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತೂ ರಜೆಯಲ್ಲೇ ಇತ್ತು.

ದೂರ ಇದ್ದರೇನು, ಫೋನ್ ಇದೆಯಲ್ಲ ಅನ್ನುವವರಿಗೆ 2021 ನೆನಪಿಸುತ್ತೇನೆ. ಕಾಬೂಲ್ ತಾಲಿಬಾನ್ ಕೈಗೆ ಬೀಳುವ ಹೊತ್ತಿಗೆ ಬ್ರಿಟನ್ನಿನ ವಿದೇಶಾಂಗ ಸಚಿವ ಡೊಮಿನಿಕ್ ರಾಬ್ ಕ್ರೀಟ್ ದ್ವೀಪದಲ್ಲಿ ರಜೆಯಲ್ಲಿದ್ದರು. ಅಫ್ಘಾನಿಸ್ತಾನದ ವಿದೇಶಾಂಗ ಮಂತ್ರಿಗೆ ಒಂದು ಫೋನ್ ಮಾಡಿ ಅಂತ ಅಧಿಕಾರಿಗಳು ಸಲಹೆ ಕೊಟ್ಟರು. ಅದನ್ನು ಕಿರಿಯ ಸಚಿವರಿಗೆ ವಹಿಸಿದರು. ಆ ಕರೆ ಕೊನೆಗೂ ಆಗಲೇ ಇಲ್ಲ.

ಹಾಗಾದರೆ ನಾಯಕನಿಗೆ ನಿಜವಾಗಿಯೂ ಆರೋಗ್ಯ ಕೆಟ್ಟರೆ? ಅದಕ್ಕೂ ದಾರಿ ಇದೆ, ಮತ್ತು ಅದನ್ನು ತೋರಿಸಿದ್ದು ಅದೇ ಬುಷ್. 2002ರ ಜೂನ್ 29ರಂದು ಕರುಳಿನ ಪರೀಕ್ಷೆಗಾಗಿ ಅವರಿಗೆ ಮಂಪರು ಬರಿಸುವ ಔಷಧ ಕೊಡಬೇಕಿತ್ತು. ನಾವು ಯುದ್ಧದಲ್ಲಿದ್ದೇವೆ, ಎಚ್ಚರ ಇರಲಿ ಅಂತ, ಸಂವಿಧಾನದ 25ನೇ ತಿದ್ದುಪಡಿಯ ಪ್ರಕಾರ ಪತ್ರ ಬರೆದು ಅಧಿಕಾರವನ್ನು ಉಪಾಧ್ಯಕ್ಷ ಚೇನಿ ಅವರಿಗೆ ವಹಿಸಿದರು. ಸುಮಾರು ಎರಡು ಗಂಟೆ ಚೇನಿ ಹಂಗಾಮಿ ಅಧ್ಯಕ್ಷರು. ಎದ್ದ ಮೇಲೆ ಇನ್ನೊಂದು ಪತ್ರ, ಅಧಿಕಾರ ವಾಪಸ್. ಎಷ್ಟು ಸರಳ ನೋಡಿ. ಈಡನ್ ಮಾಡಬೇಕಿದ್ದದ್ದೂ ಇಂಥದ್ದೇ. ಅವರು ಹೋದಾಗ ಹಿರಿಯ ಸಚಿವ ಬಟ್ಲರ್ ಸರ್ಕಾರ ನೋಡಿಕೊಂಡರು, ನಿಜ. ಆದರೆ ಪ್ರಧಾನಿ ಇನ್ನೂ ಜಮೈಕಾದಲ್ಲಿದ್ದವರೇ. ಸೈನ್ಯ ವಾಪಸ್ ಕರೆಸುವ ಕಹಿ ಕೆಲಸವನ್ನು ಪೂರ್ತಿ ಅಧಿಕಾರ ಇಲ್ಲದವರು ಮಾಡಬೇಕಾಯಿತು. ಜನವರಿಯಲ್ಲಿ ಕೊಟ್ಟ ರಾಜೀನಾಮೆಯನ್ನು ನವೆಂಬರ್‌ನಲ್ಲೇ ಕೊಟ್ಟು ವಿಮಾನ ಹತ್ತಿದ್ದರೆ ಅವರ ಮೇಲೆ ಇವತ್ತಿಗೂ ನಮಗೆ ಕನಿಕರ ಇರುತ್ತಿತ್ತು.

ಕೊನೆಗೆ ಲಿಂಕನ್. ಅಮೆರಿಕದ ಅಂತರ್ಯುದ್ಧದ ಕಾಲ. 1862ರ ಫೆಬ್ರವರಿಯಲ್ಲಿ ಅವರ ಹನ್ನೊಂದು ವರ್ಷದ ಮಗ ವಿಲ್ಲಿ ಶ್ವೇತಭವನದಲ್ಲೇ ತೀರಿಕೊಂಡ. ಆ ಬೇಸಿಗೆ ಗಂಡ ಹೆಂಡತಿ ವಾಷಿಂಗ್ಟನ್ನಿನ ಗುಡ್ಡದ ಮೇಲಿನ ಒಂದು ಮನೆಗೆ ಹೋದರು. ಮುಂದಿನ ಎರಡು ವರ್ಷವೂ ಹಾಗೆಯೇ, ತಿಂಗಳುಗಟ್ಟಲೆ. ಲೆಕ್ಕ ಹಾಕಿದರೆ ನಾನು ಹೇಳಿದ ಎಲ್ಲರಿಗಿಂತ ದೀರ್ಘವಾದ ರಜೆ ಅವರದ್ದೇ. ಗಾಳಿ ತಂಪು, ಜನರ ಕಾಟ ಕಡಿಮೆ. ಗುಲಾಮರ ಬಿಡುಗಡೆಯ ಘೋಷಣೆಯ ಬಗ್ಗೆ ಅವರು ತುಂಬಾ ಯೋಚಿಸಿದ್ದು ಆ ಮನೆಯಲ್ಲಿ. ಶ್ವೇತಭವನಕ್ಕೆ ಮೂರು ಮೈಲಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಿದ್ದರು. 1864ರ ಜುಲೈನಲ್ಲಿ ಶತ್ರು ಸೈನ್ಯ ಆ ಕಡೆಯಿಂದಲೇ ನುಗ್ಗಿ ಬಂದಾಗ, ಹತ್ತಿರದ ಫೋರ್ಟ್ ಸ್ಟೀವನ್ಸ್ ಕೋಟೆಗೆ ಹೋಗಿ ಗುಂಡು ಹಾರುತ್ತಿರುವಾಗಲೇ ನಿಂತು ನೋಡಿದರು.

ಆ ಮನೆ ಇದ್ದ ಜಾಗದ ಹೆಸರು ಸೋಲ್ಜರ್ಸ್ ಹೋಮ್. ವಯಸ್ಸಾದ, ಕೈಕಾಲು ಕಳೆದುಕೊಂಡ ಸೈನಿಕರ ಆಶ್ರಯಧಾಮ. ಪಕ್ಕದಲ್ಲೇ ಯುದ್ಧದಲ್ಲಿ ಸತ್ತವರ ಸ್ಮಶಾನ. ಲಿಂಕನ್ ತಂಪು ಗಾಳಿಗೆಂದು ಹೋಗಿ ಇದ್ದ ಮೊದಲ ಎರಡು ಬೇಸಿಗೆಯಲ್ಲೂ ಅಲ್ಲಿ ಹೊಸ ಗುಂಡಿ ತೋಡುತ್ತಲೇ ಇದ್ದರು.