ಗೆರೆ ಮೊದಲು, ಲೆಕ್ಕ ಆಮೇಲೆ

(ಸಂಖ್ಯಾಶಾಸ್ತ್ರ ದಿನದಂದು ಉಡುಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ಹಾಜರಿ ಇದೆ ಅಂತ ಹಿಂದಿನ ಬೆಂಚಿನಲ್ಲಿ ಯಾರೋ ಹೇಳಿದ್ದು ನನಗೂ ಕೇಳಿಸಿತು. ಪರವಾಗಿಲ್ಲ, ಬಂದಿರಲ್ಲ.

ಇವತ್ತು ಜೂನ್ 29, ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಹುಟ್ಟಿದ ದಿನ. ಅವರ ಬಗ್ಗೆ ಪ್ರಾಸ್ತಾವಿಕದಲ್ಲಿ ಹೇಳಿಯಾಗಿದೆ. ಅವರು ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಳೆದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. 1948ರಲ್ಲಿ ಅವರು ಕೊಟ್ಟ ಸ್ಕೋರ್ ಟೆಸ್ಟ್ ಇವತ್ತಿಗೂ ಬಳಕೆಯಲ್ಲಿದೆ. ಹಾಗಾಗಿ ಇವತ್ತಿನ ನಮ್ಮ ವಿಷಯ ಹೈಪಾಥಿಸಿಸ್ ಟೆಸ್ಟಿಂಗ್, ಅಂದರೆ ಒಂದು ಊಹೆಯನ್ನು ಅಂಕಿಅಂಶದಿಂದ ಪರೀಕ್ಷಿಸುವುದು, ಬರೀ ಇಂಗ್ಲೆಂಡಿನವರ ವಿದ್ಯೆ ಅಂದುಕೊಳ್ಳಬೇಡಿ.

ನಾನು ಈ ವಿಷಯವನ್ನೇ ಹಟ ಹಿಡಿದು ಆರಿಸಿಕೊಂಡದ್ದಕ್ಕೆ ಕಾರಣ ನಿಮ್ಮ ಪ್ರಾಜೆಕ್ಟ್ ರಿಪೋರ್ಟುಗಳು. ನಾಲ್ಕನೇ ಅಧ್ಯಾಯದಲ್ಲಿ ಒಂದು ಟೇಬಲ್ ಇರುತ್ತದೆ. ಅದರ ಕೆಳಗೆ, "ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ, ಆದ್ದರಿಂದ ನಲ್ ಹೈಪಾಥಿಸಿಸ್ ತಿರಸ್ಕರಿಸಲಾಗಿದೆ." ವೈವಾದಲ್ಲಿ ಕೇಳುತ್ತೇನೆ, ನಿನ್ನ ನಲ್ ಹೈಪಾಥಿಸಿಸ್ ಎಂತದು ಮಾರಾಯ? ಮಾತಿಲ್ಲ. ಸರಿ, ಅದನ್ನು ಬರೆದದ್ದು ಯಾವಾಗ? "ರಿಸಲ್ಟ್ ಬಂದ ಮೇಲೆ ಮೇಡಂ." ರೋಗ ಇರುವುದೇ ಅಲ್ಲಿ.

ನನ್ನ ಸೋದರಮಾವನ ಕತೆ ಹೇಳುತ್ತೇನೆ. ಕಂಬಳದ ಹುಚ್ಚು ಅಂದರೆ ಹುಚ್ಚು. ನವೆಂಬರ್ ಬಂದರೆ ಮನೆಯಲ್ಲಿ ಸಿಗುವ ಜನವಲ್ಲ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜೋಡುಕರೆ ಕಂಬಳ, ಅಂದರೆ ಕೋಣ ಓಡುವ ಕೆಸರಿನ ಹಾದಿ, ಕರೆ, ಎರಡು, ಒಂದೊಂದರಲ್ಲಿ ಒಂದೊಂದು ಜೋಡಿ ಕೋಣ. ಮಾವ ಓಟ ಮುಗಿಯುವ ಮಂಜೊಟ್ಟಿ ಹತ್ತಿರ ಜಾಗ ಹಿಡಿದು ನಿಂತು, ಬಲಗಡೆ ಕರೆಗೆ ಕೈ ತೋರಿಸಿ ಹೇಳಿದರು: "ನೋಡು ಮಗಾ, ಅದು ಗೆಲ್ಲುವ ಕರೆ. ಅಡಿಯ ಮಣ್ಣು ಗಟ್ಟಿ. ಬೇಕಾದರೆ ಬರೆದಿಟ್ಟುಕೋ." ನಾನು ನಿಜಕ್ಕೂ ಬರೆದಿಟ್ಟೆ. ಬಸ್ ಟಿಕೆಟಿನ ಹಿಂದೆ ಗೀಟು ಹಾಕುತ್ತಾ ಹೋದೆ. ಸಂಜೆ ಹೊತ್ತಿಗೆ ಎರಡೂ ಕಡೆ ಹೆಚ್ಚುಕಮ್ಮಿ ಸಮ ಇತ್ತು. ಟಿಕೆಟ್ ತೋರಿಸಿದೆ. ಮಾವ ಅದನ್ನು ನೋಡಲೂ ಇಲ್ಲ. "ಹಗಲಿನ ಓಟ ಯಾರು ಲೆಕ್ಕ ಹಿಡೀತಾರೆ? ಲೈಟ್ ಹಾಕಿದ ಮೇಲೆ ನೋಡು." ರಾತ್ರಿಯೂ ಹಾಗೇ ಆಯಿತು. ಆಗ, "ನಾನು ಹೇಳಿದ್ದು ಹಗ್ಗದ ಓಟಕ್ಕೆ, ನೇಗಿಲಿಗಲ್ಲ." (ಹಗ್ಗ, ನೇಗಿಲು ಅಂದರೆ ಕಂಬಳದ ಓಟದ ಬೇರೆ ಬೇರೆ ವಿಭಾಗ.) ಬೆಳಗಿನ ಜಾವ ಚಹಾ ಕುಡಿಯುವಾಗ ಮಾವನ ವಾದ ಎಲ್ಲಿಗೆ ಬಂದಿತ್ತು ಗೊತ್ತಾ? ಹಗ್ಗ ಹಿರಿಯ ವಿಭಾಗ, ರಾತ್ರಿ ಹೊತ್ತು, ಅದೂ ಕರೆಗೆ ಹೊಸ ನೀರು ಬಿಟ್ಟ ಮೇಲೆ! ಅಂಥ ಓಟ ಅವತ್ತು ಆದದ್ದೇ ಬೆರಳೆಣಿಕೆ. ಅದರಲ್ಲಿ ಮಾವ ಗೆದ್ದರು. ಊರಿಗೆ ಬಂದು ಹೇಳಿದ್ದು ಅದನ್ನು ಮಾತ್ರ.

ನಗಬೇಡಿ. ನಿಮ್ಮ ನಾಲ್ಕನೇ ಅಧ್ಯಾಯವೂ ಇದೇ.

ಮಾವನ ಮಾತನ್ನು ನ್ಯಾಯವಾಗಿ ಪರೀಕ್ಷೆ ಮಾಡುವುದು ಹೇಗೆ? ಮೊದಲು, ಎರಡು ಕರೆಗೂ ವ್ಯತ್ಯಾಸ ಇಲ್ಲ ಅಂತಲೇ ಇಟ್ಟುಕೊಳ್ಳಿ. ಇದು ನಲ್ ಹೈಪಾಥಿಸಿಸ್. ಬಲಗಡೆ ಗೆಲ್ಲುವ ಅನುಪಾತ 0.5. ಆಮೇಲೆ ಓಟ ನೋಡಿ. 100 ಓಟದಲ್ಲಿ ಬಲಗಡೆ 58 ಗೆದ್ದಿತು ಅನ್ನೋಣ. ಮಾವ ಆಗಲೇ ಶಿಳ್ಳೆ ಹೊಡೆಯುತ್ತಾರೆ. ನಾವು ಕೇಳಬೇಕಾದ್ದು ಒಂದೇ: ಕರೆ ಸಮ ಇದ್ದರೂ ಸುಮ್ನೆ ಅದೃಷ್ಟದಿಂದ ಇಷ್ಟು ಏರುಪೇರು ಬರಬಹುದಾ?

0.5ನ್ನು 0.5ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 0.05 ಬರುತ್ತದೆ. ಇದು ಸ್ಟ್ಯಾಂಡರ್ಡ್ ಎರರ್, ಅಂದರೆ ಬರೀ ಅದೃಷ್ಟದಿಂದ ಸಾಮಾನ್ಯವಾಗಿ ಆಗುವ ಏರುಪೇರಿನ ಅಳತೆ. ನಾವು ಕಂಡ ವ್ಯತ್ಯಾಸ 0.08. ಅದನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದರೆ 1.6. ಇದಕ್ಕೆ ಝಡ್ ಅನ್ನುತ್ತೇವೆ. ಎರಡೂ ಬದಿ ನೋಡುವ ಟೆಸ್ಟಿಗೆ 5 ಪರ್ಸೆಂಟಿನ ಗೆರೆ, ಅಂದರೆ ಕರೆ ಸಮ ಇದ್ದರೆ ನೂರಕ್ಕೆ ಐದು ಸಲ ಮಾತ್ರ ದಾಟುವ ಗೆರೆ, 1.96. ದಾಟಲಿಲ್ಲ. ಸಮ ಇರುವ ಕರೆಯಲ್ಲೂ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಏರುಪೇರು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಬರುತ್ತದೆ. ಪಿ ವ್ಯಾಲ್ಯೂ ಅನ್ನುವುದು ಇದನ್ನೇ. ಅದೇ 58 ಪರ್ಸೆಂಟ್ 400 ಓಟದಲ್ಲಿ ಬಂದಿದ್ದರೆ? ಸ್ಟ್ಯಾಂಡರ್ಡ್ ಎರರ್ ಅರ್ಧಕ್ಕೆ ಇಳಿಯುತ್ತದೆ, ಝಡ್ 3.2. ಆಗ ಮಾವನ ಮಾತಿಗೆ ತೂಕ ಬರುತ್ತದೆ.

ಇಲ್ಲಿ ಎರಡು ಕಡೆ ಜಾರುತ್ತೀರಿ. ಗೆರೆ ದಾಟಲಿಲ್ಲ ಅಂದರೆ ಕರೆ ಸಮ ಅಂತ ಸಾಬೀತಾಯಿತು ಅಲ್ಲ. ಸಮ ಅಲ್ಲ ಅನ್ನಲು ನಮ್ಮ ಹತ್ತಿರ ಸಾಕಷ್ಟು ಸಾಕ್ಷಿ ಇಲ್ಲ, ಅಷ್ಟೇ. ಇನ್ನೊಂದು, ಪಿ ವ್ಯಾಲ್ಯೂ ಅಂದರೆ "ಕರೆ ಸಮ ಇರುವ ಸಾಧ್ಯತೆ" ಅಲ್ಲವೇ ಅಲ್ಲ. ಸಮ ಅಂತ ನಾವೇ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ನಾವೇ ಇಟ್ಟುಕೊಂಡದ್ದು ನಿಜವೋ ಸುಳ್ಳೋ ಅಂತ ಅದೇ ಲೆಕ್ಕ ಹೇಗೆ ಹೇಳೀತು?

ಈಗ ನನ್ನ ಹಳೆ ರಾಗ. 58ರ ಬದಲು 59 ಬಂತು ಅನ್ನಿ. ಝಡ್ 1.8. ಎರಡೂ ಬದಿಯ ಟೆಸ್ಟಿನಲ್ಲಿ 1.96 ದಾಟಲಿಲ್ಲ. ಆದರೆ ಬಲಗಡೆ ಮಾತ್ರ ನೋಡುವ ಟೆಸ್ಟಿಗೆ ಗೆರೆ 1.645. ಅದನ್ನು ದಾಟಿತು! ಸಾಫ್ಟ್‌ವೇರಿನಲ್ಲಿ ಒಂದು ಕ್ಲಿಕ್ ಸಾಕು, ಫೇಲ್ ಇದ್ದದ್ದು ಪಾಸ್. ಬಲಗಡೆ ಮಾತ್ರ ಅಂತ ಮೊದಲೇ ಹೇಳಿದ್ದರೆ ಸರಿ. 59 ನೋಡಿದ ಮೇಲೆ ಕ್ಲಿಕ್ ಮಾಡಿದರೆ ಅದು ಮಾವನ ಕೆಲಸ. ಗೆರೆ ಮೊದಲು ಎಳೆಯಬೇಕು.

(ಓಟಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂತ ಈ ಲೆಕ್ಕ ನಂಬುತ್ತದೆ. ಒಳ್ಳೆಯ ಜೋಡಿ ಲೀಗ್, ಸೆಮಿ, ಫೈನಲ್ ಅಂತ ಮತ್ತೆ ಮತ್ತೆ ಓಡಿದರೆ ಏನು ಕತೆ? ಯೋಚಿಸಿ. ಉತ್ತರ ನಾನು ಹೇಳುವುದಿಲ್ಲ.)

ಇನ್ನು ಸರಾಸರಿ. ಶಂಕರಪುರ ಇಲ್ಲೇ ಇದೆ, ಹಾಗಾಗಿ ಮಲ್ಲಿಗೆಯನ್ನೇ ತೆಗೆದುಕೊಳ್ಳೋಣ. 800 ಹೂ ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟುವ ಕೈಗಳು ಎಣಿಸುತ್ತಲೇ ಕಟ್ಟುತ್ತವೆ. ನಿಮಗೆ ಅನುಮಾನ ಬಂತು ಅಂದುಕೊಳ್ಳಿ, ಇದರಲ್ಲಿ ನಿಜವಾಗಿ 800 ಇದೆಯಾ ಅಂತ. 16 ಚೆಂಡು ತಂದು ಎಣಿಸಿದಿರಿ. ಹತ್ತಿರ ಹತ್ತಿರ 13,000 ಹೂ. ಮನೆಯಲ್ಲಿ ಬಿಚ್ಚಿ ಎಣಿಸಲು ಹೋಗಬೇಡಿ, ಮತ್ತೆ ಕಟ್ಟಿಕೊಡು ಅಂದರೆ ಅಮ್ಮನ ಮುಖ ನೋಡಲಾಗದು. ಕಟ್ಟಿದ ಹಾಗೇ ಎಣಿಸಿ. ಸರಾಸರಿ 788 ಬಂತು, ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಚೆಂಡಿನಿಂದ ಚೆಂಡಿಗೆ ಇರುವ ಹೆಚ್ಚುಕಮ್ಮಿಯ ಅಳತೆ, 20.

ಕಂಬಳಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅನುಪಾತದಲ್ಲಿ 0.5 ಅಂತ ಇಟ್ಟುಕೊಂಡ ಕೂಡಲೇ ಏರುಪೇರು ಎಷ್ಟು ಅನ್ನುವುದೂ ಅದರೊಳಗೇ ಬಂತು. ಹೊರಗಿಂದ ತರಬೇಕಾಗಿಲ್ಲ. ಮಲ್ಲಿಗೆಯಲ್ಲಿ ಹಾಗಲ್ಲ. ಸರಾಸರಿ 800 ಅಂದ ಮಾತ್ರಕ್ಕೆ ಚೆಂಡಿನಿಂದ ಚೆಂಡಿಗೆ ಎಷ್ಟು ಹೆಚ್ಚುಕಮ್ಮಿ ಅಂತ ಗೊತ್ತಾಗುವುದಿಲ್ಲ. ಅದನ್ನೂ ಅದೇ 16 ಚೆಂಡಿನಿಂದ ಅಂದಾಜು ಮಾಡಬೇಕು. ಅಂದಾಜಿನ ಮೇಲೆ ಅಂದಾಜು. ಅದಕ್ಕೇ ಗೆರೆಯನ್ನು ಸ್ವಲ್ಪ ದೂರ ಎಳೆಯಬೇಕು. ಎಷ್ಟು ದೂರ ಅಂತ 1908ರಲ್ಲಿ ಹೇಳಿದವರು ವಿಲಿಯಂ ಗಾಸೆಟ್. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ. ನೌಕರರು ತಮ್ಮ ಹೆಸರಿನಲ್ಲಿ ಪ್ರಕಟಿಸುವ ಹಾಗಿರಲಿಲ್ಲ, ಅದಕ್ಕೆ "ಸ್ಟೂಡೆಂಟ್" ಅಂತ ಹೆಸರಿಟ್ಟುಕೊಂಡರು. ಹೌದು, ಸ್ಟೂಡೆಂಟ್ಸ್ ಟಿ ಟೆಸ್ಟ್ ನಿಮ್ಮನ್ನು ಕಾಡಲು ಮಾಡಿದ್ದಲ್ಲ!

ಲೆಕ್ಕ ಸುಲಭ. 20ನ್ನು 16ರ ವರ್ಗಮೂಲ 4ರಿಂದ ಭಾಗಿಸಿದರೆ 5. ವ್ಯತ್ಯಾಸ 12. 12ನ್ನು 5ರಿಂದ ಭಾಗಿಸಿದರೆ ಟಿ 2.4, ಕಡಿಮೆ ಬದಿಗೆ. 16 ಚೆಂಡಿಗೆ ಡಿಗ್ರೀಸ್ ಆಫ್ ಫ್ರೀಡಂ, ಇಲ್ಲಿ ಎಣಿಸಿದ್ದಕ್ಕಿಂತ ಒಂದು ಕಡಿಮೆ, 15; ಗೆರೆ 2.131. ದಾಟಿತು. ಐದೇ ಚೆಂಡು ಎಣಿಸಿದ್ದರೆ ಗೆರೆ 2.776ಕ್ಕೆ ಹೋಗುತ್ತಿತ್ತು.

ದಾಟಿತು ಅಂತ ಜಗಳಕ್ಕೆ ಹೋಗಬೇಡಿ. ಚೆಂಡಿಗೆ 12, ಅಟ್ಟೆಗೆ 48 ಹೂ ಕಡಿಮೆ. ಮುಡಿಗೆ ಒಂದು ತುಂಡು ತೆಗೆದುಕೊಳ್ಳುವವರಿಗೆ ಇದು ಏನೂ ಅಲ್ಲ. ಮದುವೆಗೆ ನೂರು ಅಟ್ಟೆ ಹೇಳುವವರಿಗೆ ಒಂದೂವರೆ ಅಟ್ಟೆಯ ದುಡ್ಡು. ವ್ಯತ್ಯಾಸ ಇದೆಯಾ ಅಂತ ಟೆಸ್ಟ್ ಹೇಳುತ್ತದೆ. ಅದು ದೊಡ್ಡದಾ ಸಣ್ಣದಾ ಅನ್ನುವುದನ್ನು ಹೂ ಕೊಳ್ಳುವವರೇ ಹೇಳಬೇಕು. ರಿಪೋರ್ಟಿನಲ್ಲಿ ಆ ಸಾಲು ನನಗೆ ಸಿಕ್ಕಿದ್ದೇ ಕಡಿಮೆ.

ಚೀಟಿ ಬಂತು, ಐದು ನಿಮಿಷ ಅಂತೆ. ಎರಡು ಬಗೆಯ ತಪ್ಪುಗಳ ಬಗ್ಗೆ ಅರ್ಧ ಗಂಟೆಯ ಮಾತು ತಂದಿದ್ದೆ. ಇಷ್ಟೇ ಹೇಳುತ್ತೇನೆ: ಸಮ ಇರುವ ಕರೆಯನ್ನು ಸಮ ಅಲ್ಲ ಅನ್ನುವುದು ಒಂದನೇ ಬಗೆ, ಸಮ ಇಲ್ಲದ್ದನ್ನು ಹಿಡಿಯದೆ ಬಿಡುವುದು ಎರಡನೆಯದು. ಪವರ್, ಅಂದರೆ ಇರುವ ವ್ಯತ್ಯಾಸವನ್ನು ಟೆಸ್ಟ್ ಹಿಡಿಯುವ ಸಾಧ್ಯತೆ, ಅದರ ಬಗ್ಗೆ ನಿಮ್ಮ ಮೇಷ್ಟ್ರು ಹೇಳಲಿ. 5 ಪರ್ಸೆಂಟ್ ಯಾಕೆ ಅಂದರೆ, 1925ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಶರ್ ಅನುಕೂಲ ಅಂತ ಅದನ್ನು ಇಟ್ಟುಕೊಂಡರು, ಆಮೇಲೆ ಎಲ್ಲರೂ ಅದಕ್ಕೇ ಜೋತುಬಿದ್ದರು.

ಒಂದನ್ನು ಮಾತ್ರ ಬಿಡಲಾರೆ. ಏನೂ ವ್ಯತ್ಯಾಸ ಇಲ್ಲದ ಕಡೆ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿ. ಒಂದಾದರೂ ಸುಮ್ನೆ 5 ಪರ್ಸೆಂಟಿನ ಗೆರೆ ದಾಟುವ ಸಾಧ್ಯತೆ ಸುಮಾರು 64 ಪರ್ಸೆಂಟ್. ಹಗಲು, ರಾತ್ರಿ, ಹಗ್ಗ, ನೇಗಿಲು, ಹಿರಿಯ, ಕಿರಿಯ, ಹೊಸ ನೀರು, ಹಳೆ ನೀರು ಅಂತ ಹುಡುಕುತ್ತಾ ಹೋದರೆ ಮಾವ ಗೆಲ್ಲದೆ ಇನ್ನೇನು? ನಿಮ್ಮ ಪ್ರಶ್ನಾವಳಿಯಲ್ಲಿ 30 ಪ್ರಶ್ನೆ ಇದ್ದರೆ, ಯಾವುದನ್ನು ಟೆಸ್ಟ್ ಮಾಡುತ್ತೀರಿ ಅಂತ ಫಾರಂ ಹಂಚುವ ಮೊದಲೇ ಬರೆದು, ತಾರೀಕು ಹಾಕಿ, ಗೈಡ್ ಹತ್ತಿರ ಸಹಿ ಮಾಡಿಸಿ. ಈ ವರ್ಷ ವೈವಾಕ್ಕೆ ನಾನು ಬಂದರೆ ಮೊದಲು ಕೇಳುವುದು ಆ ಹಾಳೆ.

ಮೈಕ್ ಆ ಕಡೆ ಕೊಡಿ. ಮೂರನೇ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿ ಕೂತಿದ್ದಾರೆ.