ಆಟಿಯ ಮಳೆಯಲ್ಲಿ ಐದಿಂಚಿನ ಕಾರಿಗೆ ಕೆಂಪು ಬಣ್ಣ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯ ಸಿಟೌಟ್‌ನಲ್ಲಿ ಕುಳಿತು ಈ ನಿರೂಪಣೆಯನ್ನು ಧ್ವನಿಮುದ್ರಿಸುತ್ತಿದ್ದೇನೆ. ಹಿನ್ನೆಲೆಯಲ್ಲಿ ಕೇಳಿಸುತ್ತಿರುವುದು ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ. ಅದರ ಸದ್ದನ್ನು ಅಳಿಸಲು ನಾನು ಪ್ರಯತ್ನಿಸಿಲ್ಲ, ಏಕೆಂದರೆ ಈ ವಿಡಿಯೋದಲ್ಲಿ ನಡೆದದ್ದಕ್ಕೆಲ್ಲ ಆ ಮಳೆಯೇ ಕಾರಣ.

ಮೇಜಿನ ಮೇಲೆ ಕಾಣುತ್ತಿರುವುದು ಜಪಾನಿನ ಶಿಜುವೋಕದ ತಮಿಯಾ ಕಂಪೆನಿಯವರ ಮಾರಿಸ್ ಮಿನಿ ಕೂಪರ್ 1275 ಎಸ್, ರ‍್ಯಾಲಿ ಕಾರಿನ ಕಿಟ್, ಅಂದರೆ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ಮಾಡುವ ಮಾದರಿ. ಅಳತೆ 1/24. ನಿಜವಾದ ಮಿನಿಯ ಉದ್ದ 3,054 ಮಿಲಿಮೀಟರ್. ಅದನ್ನು 24ರಿಂದ ಭಾಗಿಸಿದರೆ 127 ಮಿಲಿಮೀಟರ್ ಬರುತ್ತದೆ, ಅಂದರೆ ಐದು ಇಂಚು. ಟೈರೊಂದನ್ನು ಒಂದು ರೂಪಾಯಿ ನಾಣ್ಯದ ಪಕ್ಕದಲ್ಲಿಟ್ಟು ತೋರಿಸುತ್ತಿದ್ದೇನೆ. ನಾಣ್ಯವೇ ಸ್ವಲ್ಪ ದೊಡ್ಡದು. 1959ರಲ್ಲಿ ಅಲೆಕ್ ಇಸಿಗೋನಿಸ್ ಅವರ ವಿನ್ಯಾಸದಲ್ಲಿ ಬಂದ ಈ ಕಾರಿಗೆ ಕೇವಲ ಹತ್ತು ಇಂಚಿನ ಚಕ್ರಗಳು. ಎಂಜಿನನ್ನು ಅಡ್ಡಲಾಗಿ ಕೂರಿಸಿ ಒಳಗಿನ ಜಾಗವನ್ನೆಲ್ಲ ಜನರಿಗೆ ಬಿಟ್ಟುಕೊಟ್ಟ ಆ ಯೋಚನೆ ನನಗೆ ಇಂದಿಗೂ ಅದ್ಭುತವಾಗಿಯೇ ತೋರುತ್ತದೆ. ಇಷ್ಟು ಪುಟ್ಟ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. 1966ರಲ್ಲೂ ಮೊದಲ ಮೂರು ಸ್ಥಾನಗಳಲ್ಲಿ ಮಿನಿಗಳೇ ಬಂದಿದ್ದವು, ಆದರೆ ಮುಂದೀಪದ ಬಲ್ಬುಗಳು ನಿಯಮಕ್ಕೆ ಹೊಂದುವುದಿಲ್ಲವೆಂದು ಅವುಗಳನ್ನು ಅನರ್ಹಗೊಳಿಸಿದರು. ಕಿಟ್ಟಿನಲ್ಲಿ ಗ್ರಿಲ್ಲಿನ ಎದುರು ಕೂರಿಸುವ ಹೆಚ್ಚುವರಿ ದೀಪಗಳನ್ನು ಕತ್ತರಿಸುವಾಗಲೆಲ್ಲ ನನಗೆ ಆ ವರ್ಷದ್ದೇ ನೆನಪು.

ನಮ್ಮೂರಿನ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ನಿಲ್ಲುತ್ತಿದ್ದ ಅಂಬಾಸಿಡರ್ ಕೂಡ ಇದೇ ಮಾರಿಸ್ ಮನೆತನದ್ದು, ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಇಲ್ಲಿ ಅಂಬಾಸಿಡರ್ ಆಗಿ 2014ರವರೆಗೂ ತಯಾರಾಯಿತು. ಅದನ್ನು 1/24ರಲ್ಲಿ ಮಾಡಿದರೆ ಹದಿನೆಂಟು ಸೆಂಟಿಮೀಟರ್ ಆಗುತ್ತದೆ, ಮಿನಿಯ ಪಕ್ಕದಲ್ಲಿ ಅಣ್ಣನಂತೆ ನಿಲ್ಲುತ್ತದೆ. ಒಂದು ದಿನ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಮಾಡಬೇಕೆಂದಿದ್ದೇನೆ. ಅಷ್ಟರಲ್ಲಿ ಬಾಡಿಯ ಭಾಗಗಳನ್ನು ಚೌಕಟ್ಟಿನಿಂದ ಬಿಡಿಸಿ ಆಯಿತು, ಮುಂದಕ್ಕೆ ಹೋಗೋಣ.

ಜೋಡಿಸುವ ಕೆಲಸವನ್ನು ವೇಗವಾಗಿ ಓಡಿಸಿದ್ದೇನೆ, ಏಕೆಂದರೆ ಅದರಲ್ಲಿ ವಿವರಿಸುವಂಥದ್ದು ಹೆಚ್ಚಿಲ್ಲ. ನಾವು ಬಳಸುವ ತೆಳು ಅಂಟು ನಿಜವಾಗಿ ಅಂಟೇ ಅಲ್ಲ. ಅದು ಎರಡೂ ಬದಿಯ ಪ್ಲಾಸ್ಟಿಕ್ಕನ್ನು, ಅಂದರೆ ಪಾಲಿಸ್ಟೈರೀನನ್ನು, ಕರಗಿಸಿ ಒಂದಾಗಿಸುತ್ತದೆ. ಸಮಾಧಾನವಿದ್ದರೆ ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಮಾದರಿ ಕಾರು ಕಾರಿನಂತೆ ಕಾಣುವುದೋ ಆಟಿಕೆಯಂತೆ ಕಾಣುವುದೋ ಎಂಬುದನ್ನು ನಿರ್ಧರಿಸುವುದು ಬಣ್ಣ ಮಾತ್ರ.

ಈಗ ಬರುವ ದೃಶ್ಯವನ್ನು ದಯವಿಟ್ಟು ಗಮನಿಸಿ. ಬಿಳಿ ಪ್ರೈಮರ್ ಹಾಕಿ, ಚಾವಣಿಗೆ ಬಿಳಿ ಬಣ್ಣ ಹೊಡೆದು, ಒಣಗಿದ ಮೇಲೆ ಚಾವಣಿಯ ಸುತ್ತಲಿನ ಮಳೆನೀರಿನ ಪಟ್ಟಿಯ ಅಂಚಿಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ, ಬಾಡಿಗೆ ಸ್ಪ್ರೇ ಡಬ್ಬದಿಂದ ಕೆಂಪು ಲ್ಯಾಕರ್ ಬಣ್ಣ ಹೊಡೆಯುತ್ತಿದ್ದೇನೆ. ಅಂದು ರೆಡ್ ಅಲರ್ಟ್ ಇದ್ದುದರಿಂದ ಶಾಲೆಗೆ ರಜೆ ಸಾರಿದ್ದರು. ನಮ್ಮಂಥ ಶಿಕ್ಷಕರಿಗೆ ಹಗಲಿನ ಬೆಳಕಿನಲ್ಲಿ ಬಣ್ಣ ಹೊಡೆಯಲು ಬಿಡುವು ಸಿಗುವುದು ಅಂಥ ದಿನಗಳಲ್ಲೇ. ಮೊದಲ ಎರಡು ನಿಮಿಷ ಬಣ್ಣ ಹಸಿಯಾಗಿ, ಹೊಳೆಯುತ್ತ, ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಅನಂತರ ಬಾನೆಟ್ಟಿನ ನಡುವಿನಿಂದ ಒಂದು ಮಬ್ಬು ಹರಡತೊಡಗಿ, ಬಾಗಿಲುಗಳ ಮೇಲೆ ಇಳಿದು, ಐದು ನಿಮಿಷದೊಳಗೆ ಇಡೀ ಕಾರು ಕುಂಬಳಕಾಯಿಯ ಬೂದಿ ಮೆತ್ತಿಕೊಂಡಂತೆ ಬೆಳ್ಳಗಾಗಿಬಿಟ್ಟಿತು. ಬೆರಳಿನಿಂದ ಒರೆಸಿದರೆ ಹೋಗುವ ಬಿಳುಪಲ್ಲ ಅದು, ಬಣ್ಣದ ಒಳಗೇ ಇರುವ ಬಿಳುಪು. ಬಹಳ ಸಂಕಟವಾಯಿತು. ಕ್ಯಾಮೆರಾ ನಿಲ್ಲಿಸಿ ಎದ್ದುಹೋದೆ. ಆ ಸಂಜೆ ಮತ್ತೆ ಮೇಜಿನ ಹತ್ತಿರ ಬರಲಿಲ್ಲ.

ಕಾರಣ ಇಷ್ಟು. ಲ್ಯಾಕರಿನ ದ್ರಾವಕ ಬಹಳ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಡಬ್ಬದಿಂದ ನುಗ್ಗಿ ಬರುವ ಅನಿಲವೂ ತಂಪಾಗಿರುತ್ತದೆ. ಅಂದು ನನ್ನ ಕೋಣೆಯಲ್ಲಿ ಉಷ್ಣತೆ 28 ಡಿಗ್ರಿ, ತೇವಾಂಶ ಶೇಕಡಾ 90. ಅಂಥ ಗಾಳಿಯಲ್ಲಿ ಇಬ್ಬನಿ ಕಟ್ಟಲು ಉಷ್ಣತೆ 26 ಡಿಗ್ರಿಗೆ ಇಳಿದರೆ ಸಾಕು, ಅಂದರೆ ಬಣ್ಣದ ಮೈ ಎರಡು ಡಿಗ್ರಿ ತಣ್ಣಗಾದರೂ ಗಾಳಿಯ ನೀರು ಅದರ ಮೇಲೆ ಕೂತು, ಒಣಗುತ್ತಿರುವ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಅದೇ 28 ಡಿಗ್ರಿಯಲ್ಲಿ ತೇವಾಂಶ ಶೇಕಡಾ 60 ಇದ್ದಿದ್ದರೆ ಎಂಟು ಡಿಗ್ರಿಗಿಂತ ಹೆಚ್ಚು ತಣ್ಣಗಾಗಬೇಕಿತ್ತು. ಚಾವಣಿಗೆ ಹೊಡೆದ ಬಿಳಿ ಬಣ್ಣದಲ್ಲೂ ಬಹುಶಃ ಇದೇ ಆಗಿತ್ತು, ಬಿಳಿಯ ಮೇಲೆ ಬಿಳುಪು ಕಾಣಿಸಲಿಲ್ಲ ಅಷ್ಟೆ. ಡಬ್ಬದ ಮೇಲೆ ತೇವವಿರುವಾಗ ಬಳಸಬೇಡಿ ಎಂದು ಒಂದು ಸಾಲು ಬರೆದಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವಿಲ್ಲದ ದಿನವೇ ಅಪರೂಪವಾಗಿರುವ ಕಾಸರಗೋಡಿನವರಿಗೆ ಆ ಒಂದು ಸಾಲು ಸಾಲದು.

ಮರುದಿನ ಪೇಟೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪಿಗೆ ಬಾಡಿಯನ್ನು ಡಬ್ಬದಲ್ಲಿಟ್ಟುಕೊಂಡು ಹೋದೆ. ಅಲ್ಲಿನ ಹಿರಿಯರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು, ದೊಡ್ಡ ಕಾರಿನ ಬಾಗಿಲನ್ನು ನೋಡುವಷ್ಟೇ ಗಮನದಿಂದ ನೋಡಿದರು. "ಮಾಸ್ಟ್ರೇ, ಮಳೆಗಾಲದ ಥಿನ್ನರೇ ಬೇರೆ. ಬೇಗ ಒಣಗಿದರೆ ಬೆಳ್ಳಗಾಗುತ್ತದೆ, ನಿಧಾನವಾಗಿ ಒಣಗಬೇಕು" ಎಂದು ಹೇಳಿ, ಬಣ್ಣ ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರನ್ನು ಒಂದು ಸಣ್ಣ ಬಾಟಲಿಗೆ ಹೊಯ್ದು ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಮೊದಲು ಬೇಡದ ತುಂಡಿನ ಮೇಲೆ ಹಾಕಿ ನೋಡಿ, ಪ್ಲಾಸ್ಟಿಕ್ ಕರಗಿದರೆ ನನ್ನನ್ನು ದೂರಬೇಡಿ ಎಂದೂ ಹೇಳಿದರು. ನೀವೂ ಆ ಮಾತನ್ನು ಮರೆಯಬೇಡಿ, ದೊಡ್ಡ ಕಾರುಗಳ ಥಿನ್ನರು ಪಾಲಿಸ್ಟೈರೀನನ್ನು ಕ್ಷಣದಲ್ಲಿ ತಿಂದುಬಿಡಬಲ್ಲುದು.

ಇಲ್ಲಿ ಒಂದು ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಬೇಕಾಗಿದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಅನಗತ್ಯ, ಡಬ್ಬದ ಬಣ್ಣವೇ ಸಾಕು ಎಂದು ಹಿಂದಿನ ವಿಡಿಯೋದಲ್ಲಿ ಖಚಿತವಾಗಿ ಹೇಳಿದ್ದೆ. ಮುಚ್ಚಿದ ಡಬ್ಬದೊಳಗೆ ರಿಟಾರ್ಡರ್ ಬೆರೆಸಲು ಸಾಧ್ಯವಿಲ್ಲ, ಆದ್ದರಿಂದ ಮಳೆಗಾಲದ ಮಟ್ಟಿಗೆ ಆ ಮಾತು ತಪ್ಪು. ಡಬ್ಬದ ಬಣ್ಣವನ್ನು ಕೊಳವೆಯ ಮೂಲಕ ಗಾಜಿನ ಬಟ್ಟಲಿಗೆ ಇಳಿಸಿ, ಕಿಟಕಿಯ ಬಳಿ ಒಂದು ಗಂಟೆ ಇಟ್ಟು, ಒಳಗಿನ ಅನಿಲವೆಲ್ಲ ಗುಳ್ಳೆಗಳಾಗಿ ಹೋದ ಮೇಲೆ ಹತ್ತು ಪಾಲಿಗೆ ಒಂದು ಪಾಲಿನಂತೆ ರಿಟಾರ್ಡರ್ ಸೇರಿಸಿದ್ದೇನೆ. ಮುಖಕ್ಕೆ ಕಟ್ಟಿರುವುದು ದ್ರಾವಕದ ಆವಿಯನ್ನು ತಡೆಯುವ ಮಾಸ್ಕ್, ಬಟ್ಟೆಯ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ. ಕಂಪ್ರೆಸರಿನ ಕೊಳವೆಯಲ್ಲಿರುವ, ಗಾಳಿಯ ನೀರನ್ನು ಹಿಡಿಯುವ ಈ ಪುಟ್ಟ ಗಾಜಿನ ಬುರುಡೆಯನ್ನು ಹತ್ತಿರದಿಂದ ನೋಡಿ, ಹತ್ತೇ ನಿಮಿಷದಲ್ಲಿ ಅದರ ತಳದಲ್ಲಿ ಕಾಲು ಚಮಚದಷ್ಟು ನೀರು ಕೂಡಿದೆ. ಅದಿಲ್ಲದಿದ್ದರೆ ಅಷ್ಟೂ ನೀರು ಬಣ್ಣದೊಂದಿಗೆ ಕಾರಿನ ಮೇಲೆ ಬೀಳುತ್ತಿತ್ತು.

ಉಳಿದದ್ದು ಹೊಳವಿಗಾಗಿ, ಅಂದರೆ ಮಳೆ ಬಿಡುವುದಕ್ಕಾಗಿ, ಕಾಯುವುದು. ಅಡಕೆಗೆ ಮದ್ದು ಬಿಡುವವರು ಈ ದಿನಗಳಲ್ಲಿ ಮೈಲುತುತ್ತು, ಸುಣ್ಣ ಸಿದ್ಧಪಡಿಸಿಕೊಂಡು ಆಕಾಶ ನೋಡುತ್ತ ಕೂರುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಆ ಲೆಕ್ಕ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನೂ ಅಪ್ಪನ ಜೊತೆ ಅದೇ ಜಗಲಿಯಲ್ಲಿ ಬಣ್ಣದ ಬಟ್ಟಲು ಇಟ್ಟುಕೊಂಡು ಕುಳಿತೆ. ಮೂರನೆಯ ದಿನ ಹನ್ನೊಂದು ಗಂಟೆಗೆ ಮಳೆ ಹೊಳವಾಯಿತು. ಅಪ್ಪ ತೋಟಕ್ಕೆ ಇಳಿದರು, ನಾನು ಒಳಗೆ ಬಂದೆ. ಕೋಣೆಯಲ್ಲಿ ತೇವಾಂಶ ಶೇಕಡಾ 74 ತೋರಿಸುತ್ತಿತ್ತು.

ಮೊದಲು ರಿಟಾರ್ಡರ್ ಹೆಚ್ಚಾಗಿರುವ ಥಿನ್ನರನ್ನು ಮಾತ್ರ, ಮಂಜಿನಂತೆ ತೆಳುವಾಗಿ, ಹಳೆಯ ಬಣ್ಣದ ಮೇಲೆ ಬಿಟ್ಟಿದ್ದೇನೆ. ಪದರ ಮತ್ತೆ ಸಡಿಲಗೊಂಡು, ಒಳಗೆ ಸಿಕ್ಕಿಕೊಂಡಿದ್ದ ತೇವ ಹೊರಬೀಳುತ್ತದೆ. ಬಾನೆಟ್ಟಿನ ಮೇಲೆ ಕೆಂಪು ಮರಳಿ ಬರುವ ಈ ದೃಶ್ಯವನ್ನು ನಾನು ವೇಗಗೊಳಿಸಿಲ್ಲ, ಕತ್ತರಿಸಿಯೂ ಇಲ್ಲ, ಏಕೆಂದರೆ ಮೂರು ದಿನ ನಾನು ಕಾದದ್ದು ಇದಕ್ಕಾಗಿಯೇ. ಬಾಗಿಲಿನ ಹಿಡಿಯ ಸುತ್ತ ಉಳಿದ ಸ್ವಲ್ಪ ಮಬ್ಬನ್ನು 2000 ನಂಬರಿನ ಸ್ಯಾಂಡ್‌ಪೇಪರಿನಿಂದ ನೀರು ಹಾಕಿ ಉಜ್ಜಿ, ಒಣಗಿಸಿ, ಮೇಲೆ ಹೊಸ ಕೆಂಪಿನ ಎರಡು ಪದರ ಹಾಕಿದೆ. ಒಣಗಲು ಇಟ್ಟಿರುವುದು ಬಲ್ಬು ಹಾಕಿದ ಮರದ ಪೆಟ್ಟಿಗೆಯಲ್ಲಿ, ಒಳಗೆ 40 ಡಿಗ್ರಿ. ಅದಕ್ಕಿಂತ ಹೆಚ್ಚಿನ ಬಿಸಿಯನ್ನು ನಾನು ಕೊಡುವುದಿಲ್ಲ, ಕಿಟಕಿಯ ತೆಳು ಕಂಬಗಳು ಬಾಗಿದರೆ ಸರಿಪಡಿಸಲು ಬರುವುದಿಲ್ಲ.

ಇದನ್ನೆಲ್ಲ ಹೇಳಿದ ಮೇಲೂ, ಡಿಸೆಂಬರಿನಲ್ಲಿ ನಾನು ಮತ್ತೆ ಡಬ್ಬವನ್ನೇ ಹಿಡಿಯುತ್ತೇನೆ ಎಂದು ತೋರುತ್ತದೆ. ಏರ್‌ಬ್ರಷ್ ತೊಳೆಯುವುದಕ್ಕೆ ಬಣ್ಣ ಹೊಡೆದದ್ದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಕೊನೆಯ ದೃಶ್ಯ, ಟೇಪ್ ಬಿಡಿಸುವುದು. ಮೇಲಕ್ಕೆ ಎಳೆಯದೆ, ಟೇಪನ್ನು ಅದರ ಮೇಲೆಯೇ ಮಡಚಿದಂತೆ ಹಿಂದಕ್ಕೆ ನಿಧಾನವಾಗಿ ಎಳೆಯಬೇಕು. ಎಡಗಡೆಯ ಗೆರೆ ನೇರವಾಗಿ ಬಂದಿದೆ. ಬಲಗಡೆಯ ಹಿಂಬದಿ ಮೂಲೆಯಲ್ಲಿ ಅರ್ಧ ಮಿಲಿಮೀಟರಿನಷ್ಟು ಕೆಂಪು ಬಿಳಿಯ ಮೇಲೆ ನುಸುಳಿದೆ. ಹೊಸ ಬ್ಲೇಡಿನ ತುದಿಯಿಂದ ಅದನ್ನು ಕೆರೆದು ತೆಗೆಯುತ್ತಿದ್ದೇನೆ, ಉಸಿರು ಬಿಗಿಹಿಡಿದಿರುವುದರಿಂದ ಅಲ್ಲಿ ನನ್ನ ಧ್ವನಿ ಇಲ್ಲ. ಮಳೆ ಮತ್ತೆ ಶುರುವಾಗಿದೆ. ಇನ್ನು ಉಳಿದಿರುವ, ಸಂಖ್ಯೆ ಮತ್ತು ಗುರುತುಗಳ ತೆಳು ಸ್ಟಿಕ್ಕರುಗಳಾದ ಡಿಕಾಲ್‌ಗಳನ್ನು ಹೇಗೂ ನೀರಿನಲ್ಲಿ ನೆನೆಸಿಯೇ ಅಂಟಿಸಬೇಕು, ಅದಕ್ಕೆ ಮಳೆಯ ಅಡ್ಡಿಯಿಲ್ಲ. ನಾಳೆ ಶಾಲೆ ಬಿಟ್ಟು ಬಂದ ಮೇಲೆ ಬಾಗಿಲಿನ ಸಂಖ್ಯೆಯಿಂದ ಆರಂಭಿಸುತ್ತೇನೆ.